ಅಂಜದ ಬಸವಣ್ಣ ನಮಗೆ ಬೇಕೆ?



ಅನುಭಾವಗೋಷ್ಠಿ ಮುಗಿದ ಮೇಲೆ ಕಥೆ, ನಾಟಕ, ರೂಪಕಗಳನ್ನು ಬರೆಯುವ ಯುವಕ ಯುವತಿಯರು ಹತ್ತಿರ ಬಂದು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಬಸವಣ್ಣನವರನ್ನು, ನೀಲಾಂಬಿಕೆಯನ್ನು, ಹರಳಯ್ಯನವರನ್ನು ಪಾತ್ರವಾಗಿ ಬರೆಯುವಾಗ ಅವರಿಗೆ ಭಯ, ಸಂದೇಹ, ಸಿಟ್ಟು, ಕಣ್ಣೀರು ಇತ್ತೆಂದು ಬರೆಯಬಹುದೇ? ಹಾಗೆ ಬರೆದರೆ ಶರಣರಿಗೆ ಅಪಚಾರವಾಗದೇ? ಬರೆಯದಿದ್ದರೆ ನೋಡುವವರು ನಂಬುವುದಿಲ್ಲವಲ್ಲ? ಈ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಬರೆಯಬಹುದು ಎಂಬುದಷ್ಟೇ ಅಲ್ಲ, ಬರೆಯಲೇಬೇಕು. ಆದರೆ ಅದಕ್ಕೊಂದು ಕಟ್ಟಳೆಯಿದೆ. ಆ ಕಟ್ಟಳೆಯನ್ನು ನಾನು ಪುಸ್ತಕದಿಂದ ಕಲಿತವನಲ್ಲ, ತಪ್ಪು ಮಾಡಿ ಕಲಿತವನು. ಆದ್ದರಿಂದ ಮೊದಲು ನನ್ನ ತಪ್ಪನ್ನೇ ನಿವೇದಿಸುತ್ತೇನೆ.

ಹಲವು ವರ್ಷಗಳ ಹಿಂದೆ ಬಸವ ಜಯಂತಿಗೆಂದು ಕಲ್ಯಾಣದ ಕೊನೆಯ ದಿನಗಳನ್ನು ಕುರಿತು ಒಂದು ರೂಪಕ ಬರೆದಿದ್ದೆ. ಅದರಲ್ಲಿ ಬಸವಣ್ಣನವರು ಮೊದಲಿನಿಂದ ಕೊನೆಯವರೆಗೆ ಮಂದಹಾಸದಿಂದಲೇ ಇರುತ್ತಿದ್ದರು. ಎದುರಾಳಿಗಳೆಲ್ಲ ಹುಟ್ಟುದುಷ್ಟರು. ಪ್ರಶ್ನೆ ಕೇಳಿದವರಿಗೆಲ್ಲ ಬಸವಣ್ಣನವರ ಉತ್ತರ ಸಿದ್ಧವಾಗಿರುತ್ತಿತ್ತು. ಚಪ್ಪಾಳೆಯೂ ಬಂದಿತು. ಪ್ರದರ್ಶನ ಮುಗಿದು ಪ್ರಸಾದಕ್ಕೆ ಕುಳಿತಾಗ ಇಳಕಲ್ಲಿನ ಕಡೆಯ ಹಿರಿಯ ನೇಕಾರರೊಬ್ಬರು ಮೆಲ್ಲಗೆ ಹೇಳಿದರು: “ಸರ, ನಿಮ್ಮ ನಾಟಕದಾಗಿನ ಬಸವಣ್ಣಗ ಅಂಜಿಕೀನ ಇಲ್ಲಲ್ಲರಿ. ಅಂಜಿಕಿ ಇಲ್ಲದಾಂವಗ ಧೈರ್ಯ ಯಾತಕ್ಕ ಬೇಕ್ರಿ? ನಮಗರ ದಿನಾ ಅಂಜಿಕಿ. ಅಂವ ನಮ್ಮಾಂವ ಹೆಂಗ ಆದಾನು?”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವರ ಮಾತಿನಲ್ಲಿ ನಾಟಕ ವಿಮರ್ಶೆಯಷ್ಟೇ ಇರಲಿಲ್ಲ, ಭಕ್ತಿಯ ತತ್ತ್ವವೇ ಇತ್ತು. ಬಸವಣ್ಣನವರನ್ನು ದೋಷವಿಲ್ಲದ, ನೋವು ತಾಗದ ಮೂರ್ತಿಯನ್ನಾಗಿ ಮಾಡಿದಾಗ ನಾವು ಅವರನ್ನು ಎತ್ತರಕ್ಕೆ ಏರಿಸಿದೆವೆಂದು ಭಾವಿಸುತ್ತೇವೆ. ವಾಸ್ತವವಾಗಿ ನಾವು ನಮಗೊಂದು ನೆಪವನ್ನು ಹುಡುಕಿಕೊಂಡಿರುತ್ತೇವೆ. ಅವರು ಕಾರಣಪುರುಷರು, ಅವರಿಂದಾಯಿತು. ನಾವು ನರಮನುಷ್ಯರು, ನಮ್ಮಿಂದಾಗದು ಎಂದು ಕೈಮುಗಿದು ಮನೆಗೆ ಹೋಗುವುದು ಸುಲಭ. ಅನುಸರಿಸಬೇಕಾದವರನ್ನು ಬರಿದೆ ಆರಾಧಿಸಿ ಮುಗಿಸುವ ಈ ಜಾಣತನಕ್ಕೆ ನಂಬಲಾಗದ ಪಾತ್ರವೇ ಊರುಗೋಲು. ಪಾತ್ರವು ನಂಬುವಂತಿರಬೇಕೆಂಬುದು ಸಾಹಿತಿಗಳ ಹಠವೆಂದು ನಾನು ತಿಳಿದಿದ್ದೆ; ಅದು ಭಕ್ತನ ಅಗತ್ಯವೆಂದು ಅಂದು ಅರಿವಾಯಿತು.

ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ನಾವೆಲ್ಲರೂ ಹೋಗಿದ್ದೇವೆ. ಕೃಷ್ಣೆ ಮಲಪ್ರಭೆಯರು ಕೂಡುವ ಆ ನೆಲದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಆವರಿಸಿದಾಗ ಐಕ್ಯಸ್ಥಳವನ್ನು ಉಳಿಸಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಲಾಯಿತು. ಇಂದು ಸುತ್ತ ನೀರಿರುವಾಗಲೂ ಮೆಟ್ಟಿಲಿಳಿದು ಆಳಕ್ಕೆ ಹೋಗಿ ದರ್ಶನ ಪಡೆಯುತ್ತೇವೆ. ಆ ಮೆಟ್ಟಿಲುಗಳನ್ನು ಇಳಿಯುವಾಗಲೆಲ್ಲ ನನಗೆ ಮನೆ ಬಿಟ್ಟು ಇಲ್ಲಿಗೆ ಬಂದ ಬಾಲಕನ ನೆನಪಾಗುತ್ತದೆ. ಹುಟ್ಟಿದ ಮನೆಯ ಆಚಾರವನ್ನು ಒಲ್ಲೆನೆಂದು ಹೊರಟುಬಂದ ಆ ಎಳೆಯನಿಗೆ ಮೊದಲ ರಾತ್ರಿ ಮನೆಯ ನೆನಪಾಗಿರಲಿಲ್ಲವೇ? ಮಹಾಕವಿ ಹರಿಹರನು ಬಸವರಾಜದೇವರ ರಗಳೆಯಲ್ಲಿ ಇಂಥ ಪ್ರಶ್ನೆಗೆ ಅಂಜಲಿಲ್ಲ. ಸಂಗಮವನ್ನು ಬಿಟ್ಟು ಮಂಗಳವಾಡಕ್ಕೆ ಹೋಗಬೇಕೆಂಬ ಆಣತಿಯಾದಾಗ ಅವನ ಬಸವಣ್ಣ ಮಂದಹಾಸ ಬೀರುವುದಿಲ್ಲ. ಒಡೆಯನನ್ನು ಅಗಲಲಾರದೆ ಹಂಬಲಿಸಿ ಸಂಕಟಪಡುತ್ತಾನೆ. ಹರಿಹರನಿಗಿಂತ ನಾವು ಹೆಚ್ಚಿನ ಭಕ್ತರೇನು? ಅವನಿಗೆ ಸಲ್ಲುವ ಧೈರ್ಯ ನಮಗೇಕೆ ಸಲ್ಲದು?

ಹರಿಹರನಿಗೆ ಈ ಧೈರ್ಯ ಬಂದದ್ದು ಶರಣರಿಂದಲೇ. ವಚನವೆಂಬುದು ಬರೆದವರು ತಮ್ಮನ್ನೇ ಪಣಕ್ಕಿಟ್ಟು ಆಡಿದ ಮಾತು. ಬಿಜ್ಜಳನ ಭಂಡಾರದ ಹೊಣೆ ಹೊತ್ತವರು, ನಾಡೆಲ್ಲ ತಲೆಬಾಗುತ್ತಿದ್ದವರು, ತಮ್ಮ ಮನಸ್ಸು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಯೆಂದು ಬಹಿರಂಗವಾಗಿ ಹೇಳಿಕೊಂಡರು. ಮೇಲೆ ನುಣುಪಾಗಿದ್ದು ಒಳಗೆ ತಿರುಳಿಲ್ಲದ ಹಣ್ಣಿಗೆ ತಮ್ಮ ಚಿತ್ತವನ್ನು ಹೋಲಿಸಿಕೊಂಡರು. ಅಧಿಕಾರದಲ್ಲಿದ್ದವನು ತನ್ನ ವೈರಿಗಳ ಕೈಗೆ ತಾನೇ ಆಯುಧ ಕೊಡುವ ಕೆಲಸವಿದು. ಇದನ್ನು ವಿನಯದ ಅಲಂಕಾರವೆಂದು ಹೇಳಿ ತೇಲಿಸುವ ವ್ಯಾಖ್ಯಾನಕಾರರಿದ್ದಾರೆ. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆ. ಆದರೆ ಅಲಂಕಾರಕ್ಕಾಗಿ ಆಡಿದ ಮಾತು 800 ವರ್ಷಗಳ ಬಳಿಕ ಕೇಳುವವನ ಎದೆಯನ್ನು ಚುಚ್ಚಲಾರದು.

ಸೂಳೆ ಸಂಕವ್ವೆಯನ್ನು ನೆನೆಯಿರಿ. ಆ ತಾಯಿಯ ಒಂದೇ ವಚನ ನಮಗೆ ಉಳಿದುಬಂದಿದೆ. ಒಬ್ಬನ ಹಣ ಪಡೆದ ಬಳಿಕ ಮತ್ತೊಬ್ಬನ ಹಣಕ್ಕೆ ಕೈಚಾಚಬಾರದೆಂಬ ತನ್ನ ಹಿಂದಿನ ವೃತ್ತಿಯ ನಿಯಮವನ್ನೇ ತೆಗೆದುಕೊಂಡು ಆಕೆ ಏಕನಿಷ್ಠೆಯ ಭಕ್ತಿಯನ್ನು ವಿವರಿಸಿದಳು. ಅಂಕಿತವಾಗಿ ಆಯ್ದುಕೊಂಡದ್ದು ‘ನಿರ್ಲಜ್ಜೇಶ್ವರ’. ಶರಣೆಯಾದ ಮೇಲೆ ಹಳೆಯದನ್ನು ಮುಚ್ಚಿಡಬಹುದಿತ್ತು; ಹೂವು, ದೀಪ, ಗಂಗಾಜಲಗಳ ಹೋಲಿಕೆ ಕೊಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ, ನೆನಪಿನಲ್ಲಿಟ್ಟುಕೊಳ್ಳುತ್ತಲೂ ಇರಲಿಲ್ಲ. ತಾನು ಬಲ್ಲದ್ದನ್ನೇ, ತನಗೆ ನಾಚಿಕೆ ತರಬಹುದಾದುದನ್ನೇ ಎತ್ತಿ ಆಡಿದ್ದರಿಂದ ಒಂದೇ ವಚನದಲ್ಲಿ ಒಂದು ಇಡೀ ವ್ಯಕ್ತಿತ್ವ ನಮ್ಮೆದುರು ನಿಂತಿದೆ.

ಇನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲಿಗೆ ಸಂಕಲಿಸಿದ ಶೂನ್ಯಸಂಪಾದನೆಯನ್ನು ತೆರೆದು ನೋಡಿ. ಅಲ್ಲಿ ಶರಣರು ಒಬ್ಬರನ್ನೊಬ್ಬರು ಹೊಗಳುತ್ತ ಕುಳಿತಿಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕ ದುಃಖದಲ್ಲಿಯೇ ಪ್ರಭುದೇವರೊಡನೆ ವಾದಕ್ಕಿಳಿಯುತ್ತಾಳೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನನ್ನು ಲಕ್ಕಮ್ಮ ನಿಷ್ಠುರವಾಗಿ ಪ್ರಶ್ನಿಸಿ ಹಿಂದಿರುಗಿಸಲು ಹೇಳುತ್ತಾಳೆ. ಪ್ರಭುದೇವರ ಮಾತಿಗೆ ಸಿದ್ಧರಾಮಯ್ಯನವರು ಕೆರಳುತ್ತಾರೆ. ಅಷ್ಟೇಕೆ, ಪ್ರಭುದೇವರು ಬಾಗಿಲಲ್ಲಿ ನಿಂತಿರುವಾಗ ಪೂಜೆಯಲ್ಲಿ ಮಗ್ನರಾಗಿ ಎದುರುಗೊಳ್ಳಲು ತಡಮಾಡಿದ ಬಸವಣ್ಣನವರೇ ಅಲ್ಲಿ ಆಕ್ಷೇಪಕ್ಕೆ ಗುರಿಯಾಗುತ್ತಾರೆ. ನಮ್ಮ ಹಿರಿಯರು ಇದನ್ನು ಅಪಚಾರವೆಂದು ಬಗೆದು ಬಚ್ಚಿಡಲಿಲ್ಲ. ಗುರುಗ್ರಂಥವೆಂದು ತಲೆಯ ಮೇಲೆ ಹೊತ್ತರು. ಎಡವದವನು ನಡೆದವನೇ ಅಲ್ಲವೆಂಬುದು ಅವರಿಗೆ ಗೊತ್ತಿತ್ತು.

ಮನುಷ್ಯನನ್ನು ಎರಡು ಬಗೆಯಿಂದಲೂ ಕಾಣುವ ಈ ದೃಷ್ಟಿ ನಮ್ಮ ಬಾಗಲಕೋಟೆಯ ನೆಲಕ್ಕೆ ವಚನಗಳಿಗಿಂತಲೂ ಹಳೆಯದು. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಹೊತ್ತಿಗೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಅತಿ ಹಳೆಯ ರೂಪವನ್ನು ನಾವು ಕಾಣುವುದು ಅಲ್ಲಿಯೇ. ಆ ಕೆಲವೇ ಸಾಲುಗಳಲ್ಲಿ ಒಬ್ಬ ಮನುಷ್ಯನ ಗುಣಚಿತ್ರವಿದೆ: ಸಜ್ಜನರಿಗೆ ಸಜ್ಜನ, ಕೆಣಕಿದವರಿಗೆ ಭಯಂಕರ. ಬರಿಯ ಹೊಗಳಿಕೆಯಾಗಿದ್ದರೆ ಆತ ಎಂದೋ ಮರೆತುಹೋಗುತ್ತಿದ್ದ. ಸಿಹಿಯ ಜೊತೆಗೆ ಒಗರನ್ನೂ ಕೆತ್ತಿದ್ದರಿಂದ ಇಂದಿಗೂ ಆತ ಕಣ್ಣಿಗೆ ಕಟ್ಟುತ್ತಾನೆ.

ಇದೇ ಜಿಲ್ಲೆಯ ಮುಧೋಳದಲ್ಲಿ 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಇನ್ನೂ ದೊಡ್ಡ ಸಾಹಸ ಮಾಡಿದ. ಅವನ ಗದಾಯುದ್ಧದಲ್ಲಿ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನೇ ಭೀಮ. ಅಂದಮೇಲೆ ಭೀಮನ ವೈರಿಯನ್ನು ಕಪ್ಪು ಬಳಿದು ಬಿಸಾಡುವುದು ಕವಿಯ ಪಾಲಿಗೆ ಕ್ಷೇಮದ ದಾರಿ. ರನ್ನ ಹಾಗೆ ಮಾಡಲಿಲ್ಲ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಅವನ ದುರ್ಯೋಧನ ತಮ್ಮ ದುಶ್ಶಾಸನನಿಗಾಗಿ, ಗೆಳೆಯ ಕರ್ಣನಿಗಾಗಿ ಮರುಗುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿಯುತ್ತಾನೆ. ರಾಜನ ಅನ್ನವುಂಡು ರಾಜನ ಎದುರಾಳಿಗೆ ಹೃದಯವನ್ನು ಕೊಟ್ಟ ಕವಿ ನಮ್ಮ ಮಣ್ಣಿನವನು. ಬಿಜ್ಜಳನನ್ನೂ ಕೊಂಡೆಯ ಮಂಚಣ್ಣನನ್ನೂ ಹುಟ್ಟುದುಷ್ಟರನ್ನಾಗಿ ಮಾಡಿದ ನನ್ನ ರೂಪಕವನ್ನು ರನ್ನನ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ನಾಚಿಕೆಯಾಯಿತು.

ಪಂಡಿತರ ಮಾತು ಹಾಗಿರಲಿ, ಜನಸಾಮಾನ್ಯರ ತೀರ್ಪೂ ಇದೇ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ನಾಟಕ ಕಂಪನಿಗಳ ಡೇರೆಗಳು ಸಾಲಾಗಿ ಏಳುತ್ತವೆ. ಅಲ್ಲಿ ಕುಳಿತ ರೈತ, ನೇಕಾರ, ಹಮಾಲ ಯಾವ ಶಾಸ್ತ್ರವನ್ನೂ ಓದಿದವರಲ್ಲ. ಆದರೆ ರಂಗದ ಮೇಲಿನ ತಂದೆ ನಿಜವಾದ ತಂದೆಯಂತೆ ಸಿಟ್ಟಾಗದಿದ್ದರೆ, ಸೊಸೆ ನಿಜವಾದ ಸೊಸೆಯಂತೆ ಸೆರಗಿನಲ್ಲಿ ಕಣ್ಣೊರಸದಿದ್ದರೆ ಸಿಳ್ಳೆ ಹಾಕಿ ಎದ್ದುಹೋಗುತ್ತಾರೆ. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ. ಬಿ. ಧುತ್ತರಗಿಯವರು ಈ ಪ್ರೇಕ್ಷಕರಿಗಾಗಿಯೇ ಬರೆದವರು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಅವರು ನಟಿಸಿದ ಚಲನಚಿತ್ರವಾಗಿ ನಾಡನ್ನೆಲ್ಲ ತಲುಪಿತು. ಡೇರೆಯ ಜನ ಒಪ್ಪದ ಮಾತನ್ನು ಯಾವ ಪ್ರಶಸ್ತಿಯೂ ಉಳಿಸಲಾರದೆಂಬುದು ಕಂಪನಿ ನಾಟಕದವರಿಗೆ ಚೆನ್ನಾಗಿ ಗೊತ್ತು. ಆ ಡೇರೆಯಲ್ಲಿ ಮೆಚ್ಚುಗೆ ಗಳಿಸುವ ಕಥಾಪಾತ್ರಕ್ಕೆ ಕೊಡುವ ಉಸಿರನ್ನು ನಾವು ನಮ್ಮ ಶರಣರ ಪಾತ್ರಕ್ಕೆ ಕೊಡಲು ಹಿಂಜರಿಯುತ್ತೇವೆ.

ಹಿಂಜರಿಕೆಗೆ ಕಾರಣವಿಲ್ಲದಿಲ್ಲ. ಬರೆದವರಿಗೆ ಪೆಟ್ಟು ಬಿದ್ದ ಇತಿಹಾಸವೂ ನಮ್ಮದೇ. ಶಿವಭಕ್ತರನ್ನು ಬಿಟ್ಟು ಹರಿಶ್ಚಂದ್ರನ ಕಾವ್ಯ ಬರೆದನೆಂದು ಹರಿಹರನು ಶಿಷ್ಯ ರಾಘವಾಂಕನಿಗೆ ಹೊಡೆದು ಹಲ್ಲುಗಳನ್ನು ಉದುರಿಸಿದನೆಂಬ ಐತಿಹ್ಯವಿದೆ. ಶರಣರ ಚರಿತೆಗಳನ್ನು ಬರೆದ ಮೇಲೆ ಹಲ್ಲುಗಳು ಮರಳಿ ಬಂದವಂತೆ. ಆದರೆ ಇಂದಿಗೂ ನಾವು ಮನೆಮನೆಯಲ್ಲಿ ನೆನೆದು ಕಣ್ಣೀರಿಡುವುದು ಲೋಹಿತಾಶ್ವನ ಶವದ ಮುಂದೆ ಕುಳಿತ ಚಂದ್ರಮತಿಗಾಗಿ, ಸ್ವಂತ ಹೆಂಡತಿಯಿಂದಲೇ ಸುಡುಗಾಡಿನ ಸುಂಕ ಕೇಳಬೇಕಾದ ಹರಿಶ್ಚಂದ್ರನಿಗಾಗಿ. ಹಲ್ಲು ಕಳೆದುಕೊಂಡು ಬರೆದದ್ದೇ ಹೆಚ್ಚು ಕಾಲ ಉಳಿಯಿತು.

ನಮ್ಮ ಕಾಲದಲ್ಲಿ ಪೆಟ್ಟುಗಳು ಐತಿಹ್ಯವಾಗಿ ಉಳಿಯಲಿಲ್ಲ. ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕ 1990ರ ದಶಕದಲ್ಲಿ ತೀವ್ರ ವಿವಾದಕ್ಕೊಳಗಾಯಿತು. ಅದೇ ದಶಕದಲ್ಲಿ, 1994ರಲ್ಲಿ, ಅದೇ ಕಲ್ಯಾಣವನ್ನು ಕುರಿತ ಗಿರೀಶ ಕಾರ್ನಾಡರ ‘ತಲೆದಂಡ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿ 1995ರಲ್ಲಿ ಬಂದಿತು. ಅಕ್ಕನಾಗಮ್ಮನವರ ಕುರಿತ ಚಿತ್ರಣದಿಂದ ಭಕ್ತರು ನೊಂದರು. ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಡಾ. ಎಂ. ಎಂ. ಕಲಬುರ್ಗಿಯವರು ಚೆನ್ನಬಸವಣ್ಣನವರ ಜನನ ಕುರಿತ ಬರಹಕ್ಕಾಗಿ 1989ರಲ್ಲಿ ಒತ್ತಡಕ್ಕೆ ಮಣಿದು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ವಚನಗಳ ಸಂಪಾದನೆಗಾಗಿ ಬಾಳು ಸವೆಸಿದ, ಕಲ್ಯಾಣವನ್ನು ಕುರಿತು ‘ಕೆಟ್ಟಿತ್ತು ಕಲ್ಯಾಣ’ವೆಂಬ ನಾಟಕವನ್ನೂ ಬರೆದ ಆ ಹಿರಿಯರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು.

ಇದನ್ನೆಲ್ಲ ಭಕ್ತರ ಮುಂದೆ ಹೇಳುವುದು ಸುಲಭವಲ್ಲ. ನೊಂದ ಭಕ್ತನ ನೋವು ಸುಳ್ಳೆಂದು ನಾನು ಹೇಳಲಾರೆ. ಅಕ್ಕನಾಗಮ್ಮ ನಮಗೆ ಬರಿಯ ಪಾತ್ರವಲ್ಲ, ತಾಯಿ. ನ್ಯಾಯಾಲಯ ಕಾನೂನಿನ ಮಾತನ್ನು ಹೇಳಿದೆ, ಅದಕ್ಕೆ ತಲೆಬಾಗೋಣ. ಆದರೆ ನಮ್ಮ ಅಂತಃಕರಣದ ಮಾತೊಂದು ಉಳಿಯುತ್ತದೆ. ಅಂದು ನೊಂದವರಲ್ಲಿ ಎಷ್ಟು ಜನ ಆ ಪುಸ್ತಕವನ್ನು ಓದಿದ್ದೆವು? ಓದಿದವರಲ್ಲಿ ಎಷ್ಟು ಜನ ಲೇಖನಿಯಿಂದ ಉತ್ತರಿಸಿದೆವು? ಅನುಭವಮಂಟಪದಲ್ಲಿ ಪ್ರಶ್ನೆಗೆ ಉತ್ತರವಿತ್ತು, ಉತ್ತರಕ್ಕೆ ಮರುಪ್ರಶ್ನೆಯಿತ್ತು. ಪ್ರಶ್ನೆಗೆ ಶಿಕ್ಷೆಯಿದ್ದದ್ದು ಅರಮನೆಯಲ್ಲಿ. ಹರಳಯ್ಯ ಮಧುವರಸರನ್ನು ಎಳೆಹೂಟೆಗೆ ಹಾಕಿದವರೂ ಧರ್ಮಕ್ಕೆ ಅಪಚಾರವಾಯಿತೆಂದೇ ಹೇಳಿದ್ದರು. ಆ ಮಾತು ನಮ್ಮ ಬಾಯಲ್ಲಿ ಬಂದಾಗ ನಾವು ಯಾರ ಪಕ್ಕದಲ್ಲಿ ನಿಂತಿದ್ದೇವೆಂದು ಒಮ್ಮೆ ನೋಡಿಕೊಳ್ಳಬೇಕು.

ಹಾಗಾದರೆ ಬರೆಯುವವರಿಗೆ ಯಾವ ಕಟ್ಟಳೆಯೂ ಇಲ್ಲವೇ? ಇದೆ. ಅದನ್ನು ಇಳಕಲ್ಲಿನ ಜೋಳಿಗೆಯಿಂದ ಕಲಿಯಬಹುದು. ಚಿತ್ತರಗಿ ಇಳಕಲ್ಲ ಶ್ರೀ ವಿಜಯ ಮಹಾಂತೇಶ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 2018ರಲ್ಲಿ ಬಯಲಾಗುವವರೆಗೆ ಊರೂರು ತಿರುಗಿ ಜೋಳಿಗೆಯೊಡ್ಡಿದರು. ಕಾಳಲ್ಲ, ಕಾಸಲ್ಲ, ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ ಎಂದರು. ಕುಡಿತ, ತಂಬಾಕು, ಗುಟ್ಕಾಗಳಿಗೆ ದಾಸರಾದವರು ನಾಲ್ಕು ಜನರೆದುರು ಎದ್ದುಬಂದು ತಮ್ಮ ಚಟವನ್ನು ಆ ‘ಮಹಾಂತ ಜೋಳಿಗೆ’ಗೆ ಹಾಕಿದರು. ಈ ಜೋಳಿಗೆಯ ವಿಶೇಷವನ್ನು ಗಮನಿಸಿ. ಅದರಲ್ಲಿ ನನ್ನ ಚಟವನ್ನು ಮಾತ್ರ ನಾನು ಹಾಕಬಲ್ಲೆ. ನೆರೆಮನೆಯವನ ಕುಡಿತವನ್ನು ನಾನು ತಂದು ಹಾಕಲಾರೆ. ಹಾಕಿದರೆ ಅದು ಭಿಕ್ಷೆಯಲ್ಲ, ಚಾಡಿ.

ಬರವಣಿಗೆಯೂ ಇಂಥದೇ ಜೋಳಿಗೆ. ಶರಣರ ಪಾತ್ರಕ್ಕೆ ದೌರ್ಬಲ್ಯವನ್ನು ಕೊಡುವ ಮುನ್ನ ಬರೆಯುವವನು ಆ ದೌರ್ಬಲ್ಯವನ್ನು ತನ್ನೊಳಗೆ ಹುಡುಕಿ, ಅದರ ಬೆಲೆಯನ್ನು ತಾನು ತೆತ್ತಿರಬೇಕು. ತನ್ನ ಭಯವನ್ನು ಕಂಡುಕೊಂಡವನು ಬಸವಣ್ಣನವರ ಭಯವನ್ನು ಬರೆದರೆ ಅದು ಸಾಕ್ಷಿಯಾಗುತ್ತದೆ. ತನಗೇನೂ ತಾಗದಂತೆ ದಡದಲ್ಲಿ ನಿಂತು ಪರರ ತಾಯಿ ತಂಗಿಯರ ಬಾಳನ್ನು ಕೆದಕಿದರೆ ಅದು ಕುತೂಹಲ ಮಾತ್ರ. ಎರಡರಲ್ಲಿಯೂ ಧೈರ್ಯವಿರುವಂತೆ ತೋರುತ್ತದೆ. ಮೊದಲನೆಯದರಲ್ಲಿ ಮಾತ್ರ ಪಾತ್ರಕ್ಕೆ ಜೀವ ಬರುತ್ತದೆ. ಓದುಗರಾದ ನಮಗೂ ಇದೇ ಒರೆಗಲ್ಲು. ಈತ ಶರಣರಿಗೆ ಕುಂದು ತಂದನೇ ಎಂದು ಕೇಳುವ ಮೊದಲು, ಈತ ತನ್ನನ್ನು ಪಣಕ್ಕಿಟ್ಟು ಬರೆದನೇ ಎಂದು ಕೇಳೋಣ.

ಈ ಕಟ್ಟಳೆಯನ್ನು ನನಗೇ ಅನ್ವಯಿಸಿಕೊಂಡು ಆ ರೂಪಕವನ್ನು ಮತ್ತೆ ಬರೆಯಲು ಕುಳಿತೆ. ನನ್ನ ಜೋಳಿಗೆಗೆ ಹಾಕಲು ಏನಿತ್ತೆಂದು ಹುಡುಕಿದಾಗ ಬಹುಕಾಲ ಮರೆಯಲೆತ್ನಿಸಿದ್ದೊಂದು ಮೇಲೆದ್ದು ಬಂದಿತು. ಒಮ್ಮೆ ಒಂದು ಊರಿನಲ್ಲಿ ಬೆಳಿಗ್ಗೆ ಕುಲದ ಕುರಿತಾದ ವಚನಗಳ ನಿರ್ವಚನ ಮಾಡಿದ್ದೆ. ಅದೇ ಮಧ್ಯಾಹ್ನ ಅಲ್ಲಿನ ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತಿದ್ದೆ. ಎರಡು ಎಲೆಗಳಾಚೆ ಕುಳಿತಿದ್ದ ಯುವಕನನ್ನು ಯಾರೋ ಬಂದು ಯಾರ ಮನೆಯವನೆಂದು ಕೇಳಿ, ಕಿವಿಯಲ್ಲೇನೋ ಹೇಳಿದರು. ಅವನು ತನ್ನ ಎಲೆಯನ್ನು ತಾನೇ ಮಡಿಚಿಕೊಂಡು ಎದ್ದುಹೋದ. ಬೆಳಗಿನ ನನ್ನ ಮಾತುಗಳನ್ನು ಅವನು ಕೇಳಿದ್ದನೋ ಏನೋ, ಹೋಗುವಾಗ ಒಮ್ಮೆ ನನ್ನತ್ತ ನೋಡಿದ. ನನ್ನ ಎಲೆಗೆ ಹೋಳಿಗೆ ಬಡಿಸಿದ್ದರು. ನಾನು ಉಂಡೆ.

ಹೊಸ ರೂಪಕದಲ್ಲಿ ಹೆಸರಿಲ್ಲದ ಒಬ್ಬ ಕರಣಿಕನನ್ನು ತಂದೆ. ಅನುಭವಮಂಟಪದ ಮಾತುಗಳನ್ನು ಮೆಚ್ಚಿದವನು, ಶರಣರ ಮನೆಯಲ್ಲಿ ಉಂಡವನು. ಹರಳಯ್ಯ ಮಧುವರಸರನ್ನು ಕಲ್ಯಾಣದ ಬೀದಿಯಲ್ಲಿ ಎಳೆದೊಯ್ಯುವಾಗ ಬಾಗಿಲ ಸಂದಿಯಿಂದ ನೋಡಿ, ಅಗುಳಿ ಹಾಕಿಕೊಂಡು, ಒಳಗೆ ಹೋಗಿ ಲೆಕ್ಕದ ಕಡತ ಬಿಡಿಸಿ ಕೂರುತ್ತಾನೆ. ಅವನನ್ನು ಬರೆಯಲು ನನಗೆ ಕಲ್ಪನೆಯ ಅಗತ್ಯವೇ ಬೀಳಲಿಲ್ಲ. ಅವನನ್ನು ಬರೆದ ಮೇಲೆಯೇ ಬಸವಣ್ಣನವರ ಮಾತೂ ಬದಲಾಯಿತು. ಆ ಕರಣಿಕನಿಗಿದ್ದ ಭಯವೇ ಅವರಿಗೂ ಇತ್ತು. ಆದರೆ ಅವರು ಬಾಗಿಲು ಹಾಕಿಕೊಳ್ಳಲಿಲ್ಲ ಎಂಬುದು ನನಗೆ ಮೊದಲ ಬಾರಿಗೆ ಅರ್ಥವಾಯಿತು. ಅಷ್ಟು ವರ್ಷ ವಚನಗಳನ್ನು ವ್ಯಾಖ್ಯಾನಿಸಿದವನಿಗೆ ಅವರ ಧೈರ್ಯದ ತೂಕ ತಿಳಿದದ್ದು ತನ್ನ ಹೇಡಿತನವನ್ನು ಬರೆದಾಗ.

ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿ ನೇಯುತ್ತಾರೆ. ಕೊಂಡಿ ಸಡಿಲವಾದರೆ ತೋಪು ತೆನೆಯ ಸೆರಗು ಎಷ್ಟು ಚೆಂದವಿದ್ದರೂ ಸೀರೆ ನಿಲ್ಲದು. ನಮ್ಮ ಬಾಳು ಒಡಲು, ಶರಣರ ಚರಿತೆ ಸೆರಗು. ಕೊಂಡಿ ಹಾಕದೆ ಸೆರಗನ್ನಷ್ಟೇ ನೇಯುತ್ತ ಬಂದವನು ನಾನು.

ರೂಪಕದ ಎರಡನೆಯ ಪ್ರದರ್ಶನಕ್ಕೆ ಆ ಹಿರಿಯ ನೇಕಾರರೂ ಬಂದಿದ್ದರು. ಮುಗಿದ ಮೇಲೆ ಬಸವಣ್ಣನವರ ಪಾತ್ರದ ಬಗ್ಗೆ ಏನೂ ಹೇಳಲಿಲ್ಲ. “ಆ ಬಾಗಲಾ ಹಾಕ್ಕೊಂಡಾಂವ ಯಾರರಿ ಸರ?” ಎಂದು ಕೇಳಿದರು. ಉತ್ತರಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೇಳಿದೆ. ಅವರು ಪಕ್ಕಕ್ಕೆ ಸರಿದು, ಕುಳಿತುಕೊಳ್ಳಲು ಸ್ಥಳ ಮಾಡಿಕೊಟ್ಟರು.

ಎಳೆಯ ಬರಹಗಾರರೇ, ಬಸವಣ್ಣನವರನ್ನು ಧಾರಾಳವಾಗಿ ಬರೆಯಿರಿ. ಅವರಿಗೆ ಕಣ್ಣೀರು ಕೊಡಿ, ಸಂದೇಹ ಕೊಡಿ, ನಿದ್ರೆಯಿಲ್ಲದ ರಾತ್ರಿಗಳನ್ನು ಕೊಡಿ. ಆದರೆ ಮೊದಲು ಜೋಳಿಗೆಗೆ ನಿಮ್ಮದನ್ನು ಹಾಕಿ. ಭಕ್ತರೇ, ಹಾಗೆ ಬರೆದವರು ನಿಮ್ಮೂರಿಗೆ ಬಂದಾಗ ಕೊನೆಯವರೆಗೆ ಕುಳಿತು ಕೇಳಿ. ಒಪ್ಪದಿದ್ದರೆ ಎದ್ದುನಿಂತು ಪ್ರಶ್ನಿಸಿ. ಅದು ನಮ್ಮ ಹಿರಿಯರ ಪದ್ಧತಿ.